ಮೈಕ್ ಇದೆ, ಮಾತು ಮಾತ್ರ ಕೇಳುತ್ತಿಲ್ಲ

ಕಳೆದ ಮಳೆಗಾಲದಲ್ಲಿ ಕುಂದಾಪುರದ ಕಡೆಯ ಒಂದು ಹಾಲ್‌ನಲ್ಲಿ ನಮ್ಮ ಸಂಬಂಧಿಕರ ಮದುವೆಗೆ ಹೋಗಿದ್ದೆ. ಕೆಳಗೆ ಗಂಡಸರು, ಮೇಲಿನ ಮಹಡಿಯಲ್ಲಿ ಹೆಂಗಸರು. ನಿಕಾಹ್‌ನ ಖುತ್ಬಾ ಆರಂಭವಾಯಿತು. ಮೇಲಿನ ಮೂಲೆಯಲ್ಲಿ ನೇತುಹಾಕಿದ್ದ ಒಂದು ಸ್ಪೀಕರ್‌ನಿಂದ ದೊಡ್ಡ ಧ್ವನಿಯೇನೋ ಬರುತ್ತಿತ್ತು. ಆದರೆ ಒಂದು ಪದವೂ ಬಿಡಿಬಿಡಿಯಾಗಿ ಕಿವಿಗೆ ಬೀಳಲಿಲ್ಲ. ತಲೆಯ ಮೇಲೆ ತಗಡಿನ ಶೀಟು, ಶೀಟಿನ ಮೇಲೆ ಮಳೆ, ಕೆಳಗೆ ಎಂಟು ಫ್ಯಾನ್‌ಗಳು, ನಡುವೆ ಮಕ್ಕಳ ಓಡಾಟ.

ಮದುಮಗಳ ಅಜ್ಜಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಅವರು ಕಿವಿಗೆ ಯಂತ್ರ ಹಾಕಿಕೊಂಡವರು. "ಮಹರ್ ಎಷ್ಟು ಅಂದರು ಮಗಾ?" ಎಂದು ಕೇಳಿದರು. ನಾನು ಹನ್ನೊಂದು ಪವನ್ ಎಂದೆ. ಹಿಂದಿನ ಕುರ್ಚಿಯವರು "ಅಲ್ಲ, ಹನ್ನೆರಡು" ಎಂದರು. ಮತ್ತೊಬ್ಬರು "ನಮಗೆ ಏನೂ ಕೇಳಲೇ ಇಲ್ಲ" ಎಂದರು. ಕೊನೆಗೆ ಕೆಳಗೆ ಒಬ್ಬ ಹುಡುಗನನ್ನು ಕಳುಹಿಸಿ ವಿಚಾರಿಸಬೇಕಾಯಿತು. ಮಹರ್ ಹೆಣ್ಣಿನ ಹಕ್ಕು. ಅದನ್ನು ಇಡೀ ಸಭೆಗೆ ಕೇಳುವಂತೆ ಹೇಳಲಾಗಿತ್ತು. ಆದರೆ ಯಾರ ಹಕ್ಕೋ ಆಕೆಗೇ ಅದು ಸರಿಯಾಗಿ ಕೇಳಿಸಿರಲಿಲ್ಲ.

ಅಂದು ನಾವೆಲ್ಲರೂ ಬೈದದ್ದು ಮೈಕ್ ಸೆಟ್‌ನವನನ್ನು. ತಪ್ಪು ನಿಜವಾಗಿಯೂ ಅವನದ್ದೇ ಆಗಿತ್ತೇ?

ಒಂದೇ ಹಾಲ್, ನೂರೆಂಟು ಕಾರ್ಯಕ್ರಮ

ಬ್ರಹ್ಮಾವರದಿಂದ ಸಾಸ್ತಾನ, ಸಾಲಿಗ್ರಾಮ, ಕೋಟ ದಾಟಿ ಕುಂದಾಪುರಕ್ಕೆ, ಅಲ್ಲಿಂದ ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಉಪ್ಪುಂದ, ಬೈಂದೂರು, ಶಿರೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಮ್ಮೆ ಪ್ರಯಾಣಿಸಿ ನೋಡಿ. ಎಷ್ಟೊಂದು ಸಭಾಭವನಗಳು! ದೇವಸ್ಥಾನದ್ದು, ಚರ್ಚ್‌ನದ್ದು, ಜಮಾಅತ್‌ನದ್ದು, ಸಹಕಾರಿ ಸಂಘದ್ದು, ಖಾಸಗಿಯವರದ್ದು. ಇವುಗಳಲ್ಲಿ ಹೆಚ್ಚಿನವು ಇನ್ನೂರರಿಂದ ಐನೂರು ಜನ ಹಿಡಿಯುವ ಸಣ್ಣ ಹಾಲ್‌ಗಳು. ಬೆಳಿಗ್ಗೆ ಮದುವೆ, ಸಂಜೆ ಶಾಲಾ ವಾರ್ಷಿಕೋತ್ಸವ, ಮರುದಿನ ರಕ್ತದಾನ ಶಿಬಿರ, ಅದರ ಮರುದಿನ ಸ್ವಸಹಾಯ ಸಂಘದ ಸಭೆ. ಮೇ ತಿಂಗಳು ಕಳೆದು ಮೇಳಗಳ ತಿರುಗಾಟ ಮುಗಿದ ಮೇಲೆ ಯಕ್ಷಗಾನ, ತಾಳಮದ್ದಳೆಗಳೂ ಇದೇ ಹಾಲ್‌ಗಳಿಗೆ ಬರುತ್ತವೆ.

ಈ ಹಾಲ್‌ಗಳಿಗೆ ಜನ ಬೆವರು ಸುರಿಸಿ ದುಡಿದ ಹಣ ಹಾಕುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳ ಸಂಬಳದ ಪಾಲೂ ಅದರಲ್ಲಿರುತ್ತದೆ. ನೆಲಕ್ಕೆ ಹೊಳೆಯುವ ಗ್ರಾನೈಟ್, ಗೋಡೆಗೆ ಟೈಲ್ಸ್, ಕಿಟಕಿಗೆ ದೊಡ್ಡ ಗಾಜು. ಕಣ್ಣಿಗೆ ಎಲ್ಲವೂ ಚೆಂದ. ಕಿವಿಗೆ ಏನು ಬೇಕೆಂದು ಮಾತ್ರ ಕಮಿಟಿಯ ಸಭೆಯಲ್ಲಿ ಯಾರೂ ಕೇಳುವುದಿಲ್ಲ.

ಹಳೆಯ ಮನೆ ಏಕೆ ಗುಂಯ್‌ಗುಡುತ್ತಿರಲಿಲ್ಲ?

ನಮ್ಮ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಮುರಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಮರದ ಅಟ್ಟ, ಅದರ ಮೇಲೆ ಹೆಂಚು. ಹೆಂಚಿನ ಸಂದುಗಳಿಂದ ಗಾಳಿ ಹೋಗುವಂತೆ ಶಬ್ದವೂ ಹೊರಗೆ ಹೋಗುತ್ತಿತ್ತು. ಸಣ್ಣ ರಂಧ್ರಗಳಿರುವ ಮುರಕಲ್ಲು ಒಂದಿಷ್ಟು ಶಬ್ದವನ್ನು ಕುಡಿಯುತ್ತಿತ್ತು. ಚಾಪೆ, ಹಾಸಿಗೆ, ಭತ್ತದ ಮೂಟೆ ಉಳಿದದ್ದನ್ನು ನುಂಗುತ್ತಿದ್ದವು. ನವರಾತ್ರಿಯಲ್ಲಿ ಮನೆ ಮನೆಗೆ ಬರುತ್ತಿದ್ದ ಹೂವಿನಕೋಲಿನ ಮಕ್ಕಳ ಮಾತು ಮೈಕ್ ಇಲ್ಲದೆಯೇ ಒಳಕೋಣೆಯ ಹೆಂಗಸರಿಗೂ ಕೇಳುತ್ತಿತ್ತು.

ಈಗಿನ ಹಾಲ್‌ನ ಗ್ರಾನೈಟ್, ಟೈಲ್ಸ್, ಗಾಜು, ಕಾಂಕ್ರೀಟ್ ಇವೆಲ್ಲ ಶಬ್ದಕ್ಕೆ ಕನ್ನಡಿಯಿದ್ದಂತೆ. ಬಿದ್ದ ಶಬ್ದದ ನೂರರಲ್ಲಿ ತೊಂಬತ್ತೇಳು, ತೊಂಬತ್ತೆಂಟು ಪಾಲನ್ನು ಅವು ಹಿಂದಕ್ಕೆ ತಳ್ಳುತ್ತವೆ. ಶಬ್ದ ಗೋಡೆಯಿಂದ ಗೋಡೆಗೆ, ಛಾವಣಿಯಿಂದ ನೆಲಕ್ಕೆ ಓಡಾಡುತ್ತಲೇ ಇರುತ್ತದೆ. ಹೀಗೆ ಶಬ್ದ ನಿಂತ ಮೇಲೂ ಅದರ ಗುಂಗು ಉಳಿಯುವುದಕ್ಕೆ ಅನುರಣನ ಎಂದು ಹೆಸರು.

ಸಾಲು ಸಾಲಾಗಿ ಬರುವ ಮಾತಿಗೆ ಇದು ದೊಡ್ಡ ಶತ್ರು. ನಮ್ಮ ಭಾಷೆಯಲ್ಲಿ ಸ್ವರಗಳು ಉದ್ದ ಮತ್ತು ಗಟ್ಟಿ. ವ್ಯಂಜನಗಳು ಗಿಡ್ಡ ಮತ್ತು ಮೆಲು. ಹಾಲು, ಹಾಡು, ಹಾರು ಎಂಬ ಪದಗಳನ್ನು ಬೇರ್ಪಡಿಸುವುದು ನಡುವಿನ ಒಂದು ಪುಟ್ಟ ವ್ಯಂಜನ ಮಾತ್ರ. ಹಿಂದಿನ 'ಹಾ'ದ ಗುಂಗು ಇನ್ನೂ ಹಾಲ್‌ನಲ್ಲಿ ಸುತ್ತುತ್ತಿದ್ದರೆ ಮುಂದಿನ ವ್ಯಂಜನ ಅದರಲ್ಲಿ ಮುಳುಗಿಹೋಗುತ್ತದೆ. ಹನ್ನೊಂದು, ಹನ್ನೆರಡು ಎರಡೂ ಒಂದೇ ಆಗುವುದು ಹೀಗೆ.

ಮೆತ್ತೆ ಹೊತ್ತ ಪ್ರಾಧ್ಯಾಪಕ

ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೀನ್. 1895ರಲ್ಲಿ ಅವರು ಇನ್ನೂ ಎಳೆಯ ಅಧ್ಯಾಪಕ. ವಿಶ್ವವಿದ್ಯಾಲಯದ ಹೊಸ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಅಲ್ಲಿ ಒಂದು ಶಬ್ದದ ಗುಂಗು ಸುಮಾರು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಸಬೀನ್ ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹಾಸಿದರು. ಆರ್ಗನ್ ವಾದ್ಯದ ಒಂದು ಕೊಳವೆ ಊದಿ, ಗಡಿಯಾರ ಹಿಡಿದು ಅಳೆದರು. ಮೆತ್ತೆ ಹೆಚ್ಚಿದಂತೆ ಗುಂಗು ಕಡಿಮೆಯಾಯಿತು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮತ್ತೆ ಅವುಗಳ ಜಾಗದಲ್ಲಿಡಬೇಕಿತ್ತು. ಹಲವು ರಾತ್ರಿಗಳ ಈ ದುಡಿಮೆಯಿಂದ ಹುಟ್ಟಿದ ಸೂತ್ರದ ಮೇಲೆಯೇ 1900ರಲ್ಲಿ ಬೋಸ್ಟನ್‌ನ ಸಿಂಫನಿ ಹಾಲ್ ಎದ್ದಿತು.

ಸೂತ್ರ ಸರಳ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿರುವ ವಸ್ತುಗಳು ಒಟ್ಟಾಗಿ ಶಬ್ದ ನುಂಗುವ ಶಕ್ತಿಯಿಂದ ಭಾಗಿಸಬೇಕು. ನಮ್ಮೂರಿನ ಒಂದು ಸಾಧಾರಣ ಹಾಲ್ ತೆಗೆದುಕೊಳ್ಳೋಣ. ಉದ್ದ 20 ಮೀಟರ್, ಅಗಲ 12 ಮೀಟರ್, ಎತ್ತರ 5 ಮೀಟರ್. ಘನ ಅಳತೆ 1,200 ಘನ ಮೀಟರ್. ನೆಲ, ಗೋಡೆ, ಛಾವಣಿ ಸೇರಿ 800 ಚದರ ಮೀಟರ್. ಬಾಗಿಲು ಕಿಟಕಿಗಳ ಲಾಭವನ್ನೂ ಸೇರಿಸಿ ಇವು ಸರಾಸರಿ ನೂರಕ್ಕೆ ಐದು ಪಾಲು ಶಬ್ದ ನುಂಗುತ್ತವೆ ಎಂದಿಟ್ಟುಕೊಂಡರೆ ನುಂಗುವ ಶಕ್ತಿ 40. ಆಗ ಖಾಲಿ ಹಾಲ್‌ನಲ್ಲಿ ಗುಂಗು ಸುಮಾರು 4.8 ಸೆಕೆಂಡು!

ಕುಳಿತ ಒಬ್ಬ ಮನುಷ್ಯ ಸುಮಾರು 0.45ರಷ್ಟು ಶಬ್ದ ನುಂಗುತ್ತಾನೆ. ಅದೇ ಹಾಲ್‌ನಲ್ಲಿ 300 ಜನ ಕುಳಿತರೆ ಗುಂಗು 1.1 ಸೆಕೆಂಡಿಗೆ ಇಳಿಯುತ್ತದೆ. ಆದರೆ 60 ಜನ ಮಾತ್ರ ಇದ್ದರೆ 2.9 ಸೆಕೆಂಡು. ಮಾತು ಚೆನ್ನಾಗಿ ಅರ್ಥವಾಗಬೇಕಾದರೆ ಇಷ್ಟು ದೊಡ್ಡ ಹಾಲ್‌ನಲ್ಲಿ ಇದು ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಅಂದರೆ ತುಂಬಿದ ಮದುವೆಗಿಂತ ಅರೆಬರೆ ತುಂಬಿದ ಸ್ವಸಹಾಯ ಸಂಘದ ಸಭೆಯಲ್ಲೇ ಮಾತು ಹೆಚ್ಚು ಕೆಡುತ್ತದೆ. ಸಾಲದ ಕಂತು, ಬಡ್ಡಿ, ಗಡುವಿನ ವಿಷಯ ಮಾತನಾಡುವುದು ಅಲ್ಲೇ.

ವಾಲ್ಯೂಮ್ ಹೆಚ್ಚಿಸಿದರೆ ಸಾಲದೇ?

ಸಾಲದು. ಸ್ಪೀಕರ್‌ನಿಂದ ನೇರವಾಗಿ ಕಿವಿಗೆ ಬರುವ ಮಾತು ಒಂದು, ಗೋಡೆಗಳಿಗೆ ಬಡಿದು ಸುತ್ತಿ ಬರುವ ಗುಂಗು ಇನ್ನೊಂದು. ವಾಲ್ಯೂಮ್ ಏರಿಸಿದರೆ ಎರಡೂ ಸಮವಾಗಿ ಏರುತ್ತವೆ. ಗದ್ದಲ ಗೆಲ್ಲಲು ವಾಲ್ಯೂಮ್ ಬೇಕು, ನಿಜ. ಗುಂಗನ್ನು ಗೆಲ್ಲಲು ಅದರಿಂದ ಆಗದು. 2.9 ಸೆಕೆಂಡು ಗುಂಗಿರುವ ನಮ್ಮ ಆ ಹಾಲ್‌ನಲ್ಲಿ ಮೈಕ್ ಇಲ್ಲದೆ ಮಾತನಾಡುವವರಿಂದ ಒಂದೂಮುಕ್ಕಾಲು ಮೀಟರ್ ದೂರ ಸರಿಯುವಷ್ಟರಲ್ಲಿ ನೇರ ಮಾತಿಗಿಂತ ಗುಂಗೇ ಜೋರಾಗಿರುತ್ತದೆ. ಜೊತೆಗೆ ಇನ್ನೊಂದು ಅಪಾಯ. ಸ್ಪೀಕರ್ ಜೋರಾದರೆ ಜನರೂ ತಮ್ಮ ಮಾತನ್ನು ಜೋರು ಮಾಡುತ್ತಾರೆ. ಆಮೇಲೆ ಸ್ಪೀಕರ್ ಮತ್ತೂ ಜೋರು. ಕೊನೆಗೆ ಮೈಕ್ ಕಿರುಚುತ್ತದೆ, ತೊಟ್ಟಿಲಿನ ಮಗು ಬೆಚ್ಚಿಬಿದ್ದು ಅಳುತ್ತದೆ.

ಪಾಪ, ಮೈಕ್ ಸೆಟ್‌ನವನು ಬೈಗುಳ ತಿಂದದ್ದು ಕಟ್ಟಡದ ತಪ್ಪಿಗೆ!

ಹಿಂದಿನವರಿಗೆ ಗೊತ್ತಿತ್ತು

ಈ ಗುಂಗನ್ನು ಅದ್ಭುತವನ್ನಾಗಿ ಮಾಡಿದ ಕಟ್ಟಡ ನಮ್ಮ ರಾಜ್ಯದಲ್ಲೇ ಇದೆ. ವಿಜಯಪುರದ ಗೋಲ್ ಗುಂಬಜ್. ಮುಹಮ್ಮದ್ ಆದಿಲ್ ಶಾಹಿಯ ಈ ಸಮಾಧಿ 1656ರ ಹೊತ್ತಿಗೆ ರೂಪುಗೊಂಡಿತು. ಸುಮಾರು 38 ಮೀಟರ್ ಒಳ ಅಗಲದ ಗುಮ್ಮಟದ ಒಂದು ಬದಿಯಲ್ಲಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳುತ್ತದೆ, ಚಪ್ಪಾಳೆ ಹಲವು ಬಾರಿ ಮರುಕಳಿಸುತ್ತದೆ. ಪ್ರವಾಸಿಗರಿಗೆ ಅದು ಸಂತೋಷ. ಆದರೆ ಅಲ್ಲಿ ಒಂದು ಭಾಷಣ ಏರ್ಪಡಿಸಿದರೆ ಯಾರಿಗೂ ಏನೂ ತಿಳಿಯಲಾರದು.

ತುರ್ಕಿಯ ವಾಸ್ತುಶಿಲ್ಪಿ ಸಿನಾನ್‌ಗೆ ಬೇರೆಯೇ ಸವಾಲು ಇತ್ತು. ಗುಮ್ಮಟದ ಕೆಳಗೆ ಕುರ್‌ಆನ್ ಪಾರಾಯಣ ಗಂಭೀರವಾಗಿ ಮೊಳಗಬೇಕು, ಖುತ್ಬಾದ ಮಾತೂ ತಿಳಿಯಬೇಕು. 1557ರಲ್ಲಿ ಪೂರ್ಣಗೊಂಡ ಇಸ್ತಾಂಬುಲ್‌ನ ಸುಲೈಮಾನಿಯಾ ಮಸೀದಿಯ ಗುಮ್ಮಟದಲ್ಲಿ ಬಾಯಿ ತೆರೆದ ಟೊಳ್ಳು ಮಡಕೆಗಳನ್ನು ಹುದುಗಿಸಲಾಗಿದೆ. ಇಂಥ ಮಡಕೆಗಳು ತಮ್ಮ ಗಾತ್ರಕ್ಕೆ ಹೊಂದುವ ಶಬ್ದದ ಮೇಲೆ ಪ್ರಭಾವ ಬೀರುತ್ತವೆ. ನೆಲದ ತುಂಬ ಹಾಸಿದ ರತ್ನಗಂಬಳಿಯೂ, ಅದರ ಮೇಲೆ ಒತ್ತೊತ್ತಾಗಿ ಕುಳಿತ ಜನರೂ ಗುಂಗನ್ನು ತಗ್ಗಿಸುತ್ತಾರೆ.

ವಿದ್ಯುತ್ ಬಂದ ಮೇಲೆ

ಲಂಡನ್‌ನಲ್ಲಿ 1951ರಲ್ಲಿ ತೆರೆದ ರಾಯಲ್ ಫೆಸ್ಟಿವಲ್ ಹಾಲ್‌ನದು ನಮ್ಮದಕ್ಕೆ ವಿರುದ್ಧವಾದ ಸಮಸ್ಯೆ. ಅಲ್ಲಿ ಮಾತು ಸ್ಪಷ್ಟವಿತ್ತು, ಸಂಗೀತ ಮಾತ್ರ ಒಣಗಿದಂತೆ ಕೇಳುತ್ತಿತ್ತು. ಸಂಗೀತಕ್ಕೆ ಒಂದಿಷ್ಟು ಗುಂಗು ಬೇಕೇ ಬೇಕು. ಕಟ್ಟಡ ಒಡೆಯುವಂತಿಲ್ಲ. 1960ರ ದಶಕದಲ್ಲಿ ಪೀಟರ್ ಪಾರ್ಕಿನ್ ಎಂಬ ತಜ್ಞರು ಹೊಸ ಉಪಾಯ ಹೂಡಿದರು. ಛಾವಣಿಯಲ್ಲಿ ಮೈಕುಗಳು, ಒಂದೊಂದು ಮೈಕಿಗೂ ಒಂದು ಆಂಪ್ಲಿಫೈಯರ್, ಒಂದು ಸ್ಪೀಕರ್. ಪ್ರತಿಯೊಂದು ಜೋಡಿಗೂ ಒಂದೊಂದು ಸಣ್ಣ ಸ್ವರಪಟ್ಟಿಯ ಹೊಣೆ. ಹೀಗೆ 172 ಜೋಡಿಗಳು ಹಾಲ್‌ನ ಗುಂಗನ್ನು ಸದ್ದಿಲ್ಲದೆ ಹೆಚ್ಚಿಸಿದವು. ಆರಂಭದಲ್ಲಿ ಕೇಳುಗರಿಗೆ ಅದನ್ನು ತಿಳಿಸಿರಲೂ ಇಲ್ಲ. 1990ರ ದಶಕದ ಕೊನೆಯವರೆಗೂ ಆ ವ್ಯವಸ್ಥೆ ಬಳಕೆಯಲ್ಲಿತ್ತು. 2007ರಲ್ಲಿ ಹಾಲ್ ನವೀಕರಣಗೊಂಡು ಮರಳಿ ತೆರೆದಾಗ ಕಟ್ಟಡವನ್ನೇ ತಿದ್ದಲಾಗಿತ್ತು.

ಆಮೇಲೆ ಫಿಲಿಪ್ಸ್, ಯಮಹಾ ಮುಂತಾದ ಕಂಪನಿಗಳು ಈ ದಾರಿಯಲ್ಲಿ ಮುಂದುವರಿದವು. 2006ರಲ್ಲಿ ಮೇಯರ್ ಸೌಂಡ್ ಕಂಪನಿ ಕಾನ್‌ಸ್ಟೆಲೇಶನ್ ಎಂಬ ವ್ಯವಸ್ಥೆ ತಂದಿತು. ಈಗ ನೂರಾರು ಆಂಪ್ಲಿಫೈಯರ್‌ಗಳ ಕೆಲಸವನ್ನು ಒಂದು ಕಂಪ್ಯೂಟರ್ ನಿಭಾಯಿಸುತ್ತದೆ. ಮೈಕುಗಳು ಹಾಲ್‌ನ ಶಬ್ದ ಹಿಡಿಯುತ್ತವೆ, ಕಂಪ್ಯೂಟರ್ ಅದಕ್ಕೆ ಬೇಕಾದಷ್ಟು ಗುಂಗು ಬೆರೆಸುತ್ತದೆ, ಗೋಡೆ ಮತ್ತು ಛಾವಣಿಯ ಹತ್ತಾರು ಪುಟ್ಟ ಸ್ಪೀಕರ್‌ಗಳು ಅದನ್ನು ಎಲ್ಲ ಕಡೆಯಿಂದ ಮೆಲ್ಲಗೆ ಹರಡುತ್ತವೆ. ಒಂದು ಗುಂಡಿ ಒತ್ತಿದರೆ ಭಾಷಣದ ಹಾಲ್, ಇನ್ನೊಂದು ಒತ್ತಿದರೆ ಸಂಗೀತದ ಹಾಲ್. ಒಂದೇ ಹಾಲ್‌ನಲ್ಲಿ ಎಲ್ಲವನ್ನೂ ನಡೆಸುವ ನಮ್ಮಂಥವರಿಗೆ ಇದಕ್ಕಿಂತ ಬೇರೇನು ಬೇಕು?

ಇಲ್ಲೇ ಎಚ್ಚರ ಬೇಕು. ಈ ವ್ಯವಸ್ಥೆ ಗುಂಗನ್ನು ಸೇರಿಸಬಲ್ಲದು, ಕಳೆಯಲಾರದು. ಸಾರಿಗೆ ಉಪ್ಪು ಕಡಿಮೆಯಾದರೆ ಹಾಕಬಹುದು, ಹೆಚ್ಚಾದರೆ ತೆಗೆಯುವುದು ಹೇಗೆ? ಇಂಥ ಯಂತ್ರ ಕೂರಿಸುವ ಮೊದಲು ಹಾಲ್ ತನ್ನಷ್ಟಕ್ಕೆ 'ಒಣ'ದಾಗಿರಬೇಕು, ಫ್ಯಾನ್ ಮತ್ತು ಮಳೆಯ ಸದ್ದು ತಗ್ಗಿರಬೇಕು. ಇಲ್ಲದಿದ್ದರೆ ಮೈಕುಗಳು ಆ ಸದ್ದನ್ನೂ ಹಿಡಿದು ಹರಡುತ್ತವೆ. ನಮ್ಮ ಹೆಚ್ಚಿನ ಹಾಲ್‌ಗಳು ಈಗಾಗಲೇ ಉಪ್ಪು ಹೆಚ್ಚಾದ ಸಾರು. ನಮಗೆ ಮೊದಲು ಬೇಕಾದದ್ದು ಕಳೆಯುವ ಕೆಲಸ, ಆಮೇಲೆ ಮಾತನ್ನು ಸರಿಯಾಗಿ ತಲುಪಿಸುವ ವಿದ್ಯುನ್ಮಾನ.

ನಾವು ಮಾಡಬಹುದಾದದ್ದು

ಮೊದಲನೆಯದು ಛಾವಣಿ. ಮೇಲೆ ಹೇಳಿದ ಹಾಲ್‌ನ ಛಾವಣಿಯ ಅರ್ಧ ಭಾಗಕ್ಕೆ, ಅಂದರೆ 120 ಚದರ ಮೀಟರಿಗೆ, ಶಬ್ದದ ನೂರರಲ್ಲಿ 70 ಪಾಲು ನುಂಗುವ ಹಲಗೆ ಹಾಕಿದರೆ ಏನಾಗುತ್ತದೆ? 60 ಜನರ ಸಭೆಯಲ್ಲಿ ಗುಂಗು 2.9ರಿಂದ 1.3 ಸೆಕೆಂಡಿಗೆ ಇಳಿಯುತ್ತದೆ. 300 ಜನರಿದ್ದರೆ 0.8ಕ್ಕಿಂತಲೂ ಕೆಳಗೆ. ಇದಕ್ಕೆ ಕರೆಂಟು ಬೇಡ, ರಿಪೇರಿ ಬೇಡ, ಆಪರೇಟರ್ ಬೇಡ. ತಗಡಿನ ಶೀಟಿನ ಛಾವಣಿಯಾದರೆ ಶೀಟು ಮತ್ತು ಹಲಗೆಯ ನಡುವೆ ದಪ್ಪ ಪದರವೊಂದನ್ನು ಕೊಟ್ಟರೆ ಮಳೆಯ ಸದ್ದೂ ತಗ್ಗುತ್ತದೆ.

ಆದರೆ ನಮ್ಮ ಕರಾವಳಿಯ ತೇವಕ್ಕೆ ಬೂಸಲು ಹಿಡಿಯದ, ಬೆಂಕಿಗೆ ಬೇಗ ಉರಿಯದ ವಸ್ತುವನ್ನೇ ಆರಿಸಬೇಕು. ಮೊಟ್ಟೆಯ ಟ್ರೇ ಮತ್ತು ಥರ್ಮೋಕೋಲ್ ಅಂಟಿಸಿದರೆ ಶಬ್ದಕ್ಕೆ ಹೆಚ್ಚಿನ ಪ್ರಯೋಜನವಿಲ್ಲ, ಬೆಂಕಿಗೆ ಮಾತ್ರ ಅನುಕೂಲ. ಹಾಸಿಗೆಯ ಸ್ಪಂಜು ಶಬ್ದ ನುಂಗಿದರೂ ಬೆಂಕಿ ತಗುಲಿದರೆ ವಿಷದ ಹೊಗೆ ಕಾರುತ್ತದೆ. ಹಿಂದಿನ ಗೋಡೆಗೆ ಮಡಿಕೆ ಮಡಿಕೆಯಾದ ದಪ್ಪ ಪರದೆ ಒಳ್ಳೆಯದು. ಅದನ್ನು ಸಂಗೀತಕ್ಕೆ ಸರಿಸಬಹುದು, ಭಾಷಣಕ್ಕೆ ಎಳೆಯಬಹುದು. ನಮ್ಮಲ್ಲೇ ಸಿಗುವ ತೆಂಗಿನ ನಾರು ಕೂಡ ಶಬ್ದ ನುಂಗುತ್ತದೆ. ದಪ್ಪನೆಯ ನಾರಿನ ಹಾಸನ್ನು ಗೋಡೆಯಿಂದ ಸ್ವಲ್ಪ ಬಿಟ್ಟು ಕೂರಿಸಬೇಕು, ಬೆಂಕಿ ನಿರೋಧಕ ಲೇಪ ಕೊಡಿಸಬೇಕು.

ಎರಡನೆಯದು ಸ್ಪೀಕರ್ ಇಡುವ ಕ್ರಮ. ವೇದಿಕೆಯ ಎರಡು ಬದಿಯಲ್ಲಿ ಆಳೆತ್ತರದ ಎರಡು ದೊಡ್ಡ ಬಾಕ್ಸ್ ಇಟ್ಟರೆ ಮುಂದಿನವರ ಕಿವಿ ಹರಿಯುತ್ತದೆ, ಹಿಂದಿನವರಿಗೆ ಗುಂಗು ಮಾತ್ರ. ಅದರ ಬದಲು ಉದ್ದನೆಯ ತೆಳು ಕಂಬದಂತಹ ಕಾಲಂ ಸ್ಪೀಕರ್ ಒಳ್ಳೆಯದು. ಅದು ಶಬ್ದವನ್ನು ಛಾವಣಿಗೆ ಎರಚದೆ ಜನರ ಕಡೆಗೇ ಕಳುಹಿಸುತ್ತದೆ. ನಡುವೆ ಮತ್ತು ಮಹಡಿಯಲ್ಲಿ ಸಣ್ಣ ಸ್ಪೀಕರ್‌ಗಳನ್ನು ಹಂಚಿ, ಮೆಲ್ಲಗೆ ಇಡಬೇಕು.

ಮೂರನೆಯದು ವಿಳಂಬ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ತಂತಿಯಲ್ಲಿ ಹೋಗುವ ವಿದ್ಯುತ್ತಿಗೆ ಆ ಸಮಯವೇ ಬೇಡ. ವೇದಿಕೆಯಿಂದ 10 ಮೀಟರ್ ದೂರದ ಸ್ಪೀಕರ್ ತಕ್ಷಣ ಮಾತನಾಡಿಬಿಟ್ಟರೆ, ಅದೇ ಮಾತು ಗಾಳಿಯಲ್ಲಿ ಸೆಕೆಂಡಿನ ಸಾವಿರದಲ್ಲಿ 29 ಪಾಲು ತಡವಾಗಿ ಮತ್ತೆ ಬರುತ್ತದೆ. ಆದ್ದರಿಂದ ಆ ಸ್ಪೀಕರನ್ನು ಸಾವಿರದಲ್ಲಿ 40 ಪಾಲಿನಷ್ಟು ತಡಮಾಡಿಸಬೇಕು. ಆಗ ಮಾತು ಹತ್ತಿರದ ಸ್ಪೀಕರ್‌ನಿಂದ ಸ್ಪಷ್ಟವಾಗಿ ಬಂದರೂ ವೇದಿಕೆಯ ಮೇಲಿನವರೇ ಮಾತನಾಡಿದಂತೆ ಅನಿಸುತ್ತದೆ. ಮೊದಲು ಬಂದ ಶಬ್ದದ ದಿಕ್ಕನ್ನೇ ಕಿವಿ ನಂಬುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿಕೊಟ್ಟರು. ಈಗಿನ ಅನೇಕ ಡಿಜಿಟಲ್ ಮಿಕ್ಸರ್‌ಗಳಲ್ಲಿ ಈ ಸೌಲಭ್ಯವಿದೆ. ನಮ್ಮ ಸೌಂಡ್ಸ್‌ನ ಹುಡುಗರಿಗೆ ಒಂದು ದಿನದ ತರಬೇತಿ ಕೊಡಿಸಿದರೆ ಸಾಕು.

ನಾಲ್ಕನೆಯದನ್ನು ಆ ಅಜ್ಜಿಯ ನೆನಪಿನಲ್ಲಿ ಬರೆಯುತ್ತಿದ್ದೇನೆ. ಹಾಲ್‌ನ ಸುತ್ತ ಒಂದು ತಂತಿಯನ್ನು ಸುತ್ತಿ, ಅದಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಜೋಡಿಸಿದರೆ ಮಾತು ಅಯಸ್ಕಾಂತದ ಅಲೆಯಾಗಿ ಹರಡುತ್ತದೆ. 'ಟಿ' ಎಂಬ ಸೌಲಭ್ಯವಿರುವ ಶ್ರವಣಯಂತ್ರ ಅದನ್ನು ನೇರವಾಗಿ ಹಿಡಿಯುತ್ತದೆ. ನಡುವೆ ಫ್ಯಾನ್ ಇಲ್ಲ, ಮಳೆ ಇಲ್ಲ, ಗುಂಗು ಇಲ್ಲ. ಕಾಂಕ್ರೀಟಿನ ಕಬ್ಬಿಣದ ಸರಳುಗಳು ಅಲೆಯನ್ನು ಕುಗ್ಗಿಸುವುದರಿಂದ ಬಲ್ಲವರಿಂದಲೇ ಹಾಕಿಸಬೇಕು. ನಮ್ಮ ಹಿರಿಯರು ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟುಬಿಡಲು ಕಾಲುನೋವಷ್ಟೇ ಕಾರಣವಲ್ಲ. ಬಂದರೂ ಏನೂ ಕೇಳುವುದಿಲ್ಲ ಎಂಬ ಬೇಸರವೂ ಕಾರಣ.

ಕೊನೆಯದು ನೆರೆಹೊರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಭವನದಂತಹ ಮುಚ್ಚಿದ ಸ್ಥಳದ ಒಳಗೆ ವಿನಾಯಿತಿ ಇದೆ. ಆ ವಿನಾಯಿತಿಯೂ ಒಳಗಿನವರಿಗೆ ಕೇಳಲೆಂದೇ ಹೊರತು ಪಕ್ಕದ ಮನೆಯ ರೋಗಿಗೆ, ಪರೀಕ್ಷೆಗೆ ಓದುವ ಮಗುವಿಗೆ ಕೇಳಲೆಂದಲ್ಲ. ಒಳಗೆ ಸ್ಪಷ್ಟವಾಗಿ ಕೇಳುವ ಹಾಲ್‌ಗೆ ಜೋರು ಶಬ್ದದ ಅಗತ್ಯವೇ ಬೀಳುವುದಿಲ್ಲ.

ಮಹಡಿಗೂ ಒಂದು ಮೈಕ್

ಹೊಸ ಹಾಲ್ ಕಟ್ಟಿಸುವವರು ನಕ್ಷೆ ಪಾಸಾಗುವ ಮೊದಲೇ ಇದನ್ನೆಲ್ಲ ಯೋಚಿಸಿದರೆ ಖರ್ಚು ಕಡಿಮೆ. ಕಟ್ಟಿದವರು ಒಂದು ಪ್ರಯೋಗ ಮಾಡಬಹುದು. ಖಾಲಿ ಹಾಲ್‌ನಲ್ಲಿ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ, ಗುಂಗು ಅಡಗುವವರೆಗೆ ಎಣಿಸಿ. ಬಳಿಕ ಒಬ್ಬರು ವೇದಿಕೆಯಲ್ಲಿ ನಿಂತು ಇಪ್ಪತ್ತು ಬಿಡಿ ಪದಗಳನ್ನು ಓದಲಿ. ಮಹಡಿಯ ಕೊನೆಯ ಸಾಲಿನಲ್ಲಿ ಕುಳಿತವರು ಕೇಳಿಸಿದಂತೆ ಬರೆದುಕೊಳ್ಳಲಿ. ಎಷ್ಟು ತಪ್ಪಿತೆಂದು ತಾಳೆ ನೋಡಿದರೆ ಗ್ರಾನೈಟ್‌ಗೆ ಖರ್ಚು ಮಾಡಬೇಕೋ ಛಾವಣಿಗೋ ಎಂಬುದು ಕಮಿಟಿಗೆ ತಾನಾಗಿ ತಿಳಿಯುತ್ತದೆ. ಆ ಕೊನೆಯ ಸಾಲಿನಲ್ಲಿ ಕೂರುವವರು ಹೆಂಗಸರೇ ಆಗಿರಲಿ. ದಿನವೂ ಅಲ್ಲಿ ಕೂರುವವರು ಅವರೇ ತಾನೆ?

ಇನ್ನೂ ಒಂದು ಮಾತು. ನಮ್ಮ ಹಾಲ್‌ಗಳಲ್ಲಿ ಶಬ್ದದ ದಾರಿ ಒಂದೇ ದಿಕ್ಕಿನದು, ಕೆಳಗಿನಿಂದ ಮೇಲಕ್ಕೆ. ಮೇಲೆ ಕುಳಿತವರಿಗೆ ಸಂಶಯ ಬಂದರೆ, ಪ್ರಶ್ನೆ ಇದ್ದರೆ, 'ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ' ಎನ್ನಬೇಕಾದರೆ ದಾರಿಯಿಲ್ಲ. ಲಕ್ಷಾಂತರ ರೂಪಾಯಿಯ ವ್ಯವಸ್ಥೆಯಲ್ಲಿ ಮಹಡಿಗೆ ಒಂದು ಮೈಕ್ ಕೊಡುವುದು ದೊಡ್ಡ ಖರ್ಚೇನಲ್ಲ.

ಅಂದು ಕೆಳಗೆ ಹೋದ ಹುಡುಗ ಏದುಸಿರು ಬಿಡುತ್ತಾ ಮರಳಿ ಬಂದ. ಮಹರ್ ಹನ್ನೊಂದೂ ಅಲ್ಲ, ಹನ್ನೆರಡೂ ಅಲ್ಲ, ಹದಿನಾಲ್ಕು ಪವನ್! ಎಲ್ಲರೂ ನಕ್ಕೆವು. ಅಜ್ಜಿ ಮಾತ್ರ ನಗಲಿಲ್ಲ. "ನನ್ನ ಕಿವಿ ಹಾಳು ಅಂತ ಇದುವರೆಗೆ ನಾನೇ ನಾಚಿಕೊಳ್ಳುತ್ತಿದ್ದೆ. ನಿಮಗೂ ಕೇಳಲಿಲ್ಲ ಅಲ್ಲವಾ?" ಎಂದರು.